ಮೂಲೆಯಿಂದ ಮೂಲೆಗೆ ಹಿಡಿದ ಹಗ್ಗ

ಕೆಂಪಮ್ಮ, ನಿನಗೆ ಬರಬೇಕಾದ ಹೊಲದಲ್ಲಿ ಅರ್ಧವನ್ನು ಕಳೆದವನು ನಾನು. ನಿನ್ನ ಬಾವನಲ್ಲ, ಊರ ಹಿರಿಯರಲ್ಲ — ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾನು. ಗೊತ್ತಾದ ಮೇಲೂ ಮುಚ್ಚಿಟ್ಟೆ. ಇಪ್ಪತ್ತೆರಡು ವರ್ಷ ಮುಚ್ಚಿಟ್ಟೆ.

ನಿನ್ನ ಗಂಡ ತೀರಿಕೊಂಡ ಮೇಲೆ ಅವನ ಅಣ್ಣನಿಗೂ ನಿನಗೂ ಪಾಲಾಯಿತು. ಮನೆ ಹಿಂದಿನ ಹೊಲ ನಲವತ್ತು ಮಾರು ಉದ್ದ, ನಲವತ್ತು ಮಾರು ಅಗಲ. ಅದನ್ನು ಬಾವನೇ ಇಟ್ಟುಕೊಳ್ಳಲಿ, ಅದರ ಅರ್ಧದಷ್ಟು ನೆಲವನ್ನು ಕೆರೆಯಾಚೆಯ ದೊಡ್ಡ ಹೊಲದ ಮೂಲೆಯಲ್ಲಿ ನಿನಗೆ ಚೌಕವಾಗಿ ಬಿಟ್ಟುಕೊಡಲಿ ಎಂದರು ಹಿರಿಯರು. "ನೀವೇ ಅಳೀರಿ ಮೇಷ್ಟ್ರೇ" ಎಂದರು. ನಾನೋ ಲೋವರ್ ಸೆಕೆಂಡರಿ ಪಾಸಾದವನು! ನಲವತ್ತರ ಅರ್ಧ ಇಪ್ಪತ್ತು — ಇದಕ್ಕೂ ಸ್ಲೇಟು ಬೇಕೇ? ಆ ಕಡೆ ಇಪ್ಪತ್ತು ಮಾರು, ಈ ಕಡೆ ಇಪ್ಪತ್ತು ಮಾರು ಅಳೆದು ಕಲ್ಲು ನೆಡಿಸಿದೆ. ಎಲೆಯಡಿಕೆ ಹಾಕಿಕೊಂಡು ಮನೆಗೆ ಬಂದೆ.

ಬಿತ್ತನೆ ಮುಗಿಸಿ ನೀನು ಶಾಲೆಯ ಬಾಗಿಲಿಗೆ ಬಂದೆ.

"ಮನೆ ಹಿಂದ್ಗಡೆ ಒಲಕ್ಕೆ ನಾಲ್ಕು ಸೇರು ರಾಗಿ ಇಡೀತಿತ್ತು ಮೇಷ್ಟ್ರೇ. ಅರ್ಧ ಅಂದ್ರೆ ಎರಡು ಸೇರು ಬೇಕಲ್ವಾ? ಇಲ್ಲಿ ಒಂದಕ್ಕೇ ಮುಗ್ದೋಯ್ತಲ್ಲ?"

"ಕೈ ಬಿಗಿ ಹಿಡಿದು ಬಿತ್ತಿದ್ದೀಯ, ಹೋಗಮ್ಮ" ಎಂದು ನಕ್ಕುಬಿಟ್ಟೆ.

ನೀನು ಹೋದ ಮೇಲೆ ಸ್ಲೇಟು ತೆಗೆದೆ. ನಲವತ್ತನ್ನು ನಲವತ್ತರಿಂದ ಗುಣಿಸಿದರೆ ಸಾವಿರದ ಆರುನೂರು; ಅರ್ಧ, ಎಂಟುನೂರು. ಇಪ್ಪತ್ತನ್ನು ಇಪ್ಪತ್ತರಿಂದ — ಥೂ ನನ್ನ! — ನಾನೂರು. ಅರ್ಧವಲ್ಲ, ಕಾಲು. ಹಾಗಾದರೆ ಯಾವುದನ್ನು ಅದರಿಂದಲೇ ಗುಣಿಸಿದರೆ ಎಂಟುನೂರು? ವರ್ಗಮೂಲ! ಎರಡೆರಡು ಅಂಕಿಗೆ ಗೆರೆ ಹಾಕು, ಕಳೆ, ಇಳಿಸು ಎಂದು ಹತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಅದು ಒಂದು ಹೊಲದ ಅಂಚು ಎಂದು ನನಗೇ ಹೊಳೆದಿರಲಿಲ್ಲ. ಇಪ್ಪತ್ತೆಂಟು ಬಂತು, ಶೇಷ ಉಳಿಯಿತು. ಇಳಿಸಿದೆ, ಮತ್ತೆ ಉಳಿಯಿತು. ಸ್ಲೇಟು ತುಂಬಿದರೂ ಅದು ಮುಗಿಯಲಿಲ್ಲ. ಮುಗಿಯದ ಉದ್ದವನ್ನು ಯಾರಾದರೂ ಅಳೆದು ಕೊಡುವುದು ಹೇಗೆ?

ಮಾರನೆಯ ದಿನ ಹೊಲಕ್ಕೆ ಬಂದೆ. ಕಲ್ಲು ಎಲ್ಲಾದರೂ ಸರಿದಿರಲಿ ಎಂಬ ಆಸೆ. ಅಂಚು ಅಳೆದೆ — ಇಪ್ಪತ್ತೇ. ಏನೂ ತೋಚದೆ ಹಗ್ಗದ ಒಂದು ತುದಿಯನ್ನು ನಿನ್ನ ಕೈಗೆ ಕೊಟ್ಟು, ಬಿತ್ತಿದ ಸಾಲುಗಳನ್ನು ದಾಟಿ ಎದುರು ಮೂಲೆಗೆ ನಡೆದೆ. ಇಪ್ಪತ್ತೆಂಟು ಮಾರು. ಮೇಲೊಂದು ಮೊಳ, ಇನ್ನೂ ಚೂರು...

ಅಬ್ಬಾ! ನಿನಗೆ ಕೊಡಬೇಕಾಗಿದ್ದ ಚೌಕದ ಅಂಚು, ನಾನು ಕೊಟ್ಟ ಚೌಕದ ಮೂಲೆಯಿಂದ ಮೂಲೆಗೆ ಮಲಗಿತ್ತು. ನನ್ನ ಸ್ಲೇಟಿಗೆ ಹಿಡಿಸದ್ದನ್ನು ನೀನು ಒಂದು ಕೈಯಲ್ಲಿ ಹಿಡಿದು ನಿಂತಿದ್ದೆ! ಗುಡಿಯಲ್ಲೂ ನನಗೆ ಹಾಗೆ ಕೈಮುಗಿಯಬೇಕು ಅನ್ನಿಸಿರಲಿಲ್ಲ. ಅಲ್ಲಿಗೆ ಹಗ್ಗಕ್ಕೊಂದು ಗಂಟು ಹಾಕಿದೆ.

"ಸರಿಯಾಗಿ ಅದಾ ಮೇಷ್ಟ್ರೇ?" ಎಂದು ನೀನು ಕೂಗಿ ಕೇಳಿದೆ.

"ಸರಿಯಾಗಿದೆ ಕಣಮ್ಮ."

"ನೀವು ಅಳೆದ್ಮೇಲೆ ಸರಿಯಾಗೇ ಇರ್ತದೆ ಬುಡಿ" ಎಂದು ನೀನು ಹಗ್ಗ ಸುತ್ತಿ ನನ್ನ ಕೈಗಿತ್ತೆ.

ಅಂಥದ್ದನ್ನು ಕಂಡ ಗಳಿಗೆಯಲ್ಲೇ ಸುಳ್ಳು ಹೇಳಿದೆ. ಲೆಕ್ಕದ ಮೇಷ್ಟ್ರು ಲೆಕ್ಕ ತಪ್ಪಿದರು ಎಂದು ಊರು ನಗುತ್ತದಲ್ಲ — ಅಷ್ಟಕ್ಕೇ. ನಿನ್ನ ರಾಗಿ ಪ್ರತಿ ವರ್ಷ ಯುಗಾದಿಗೇ ಮುಗಿಯುತ್ತಿತ್ತು. ಕಳೆ ಕೀಳಲು ನೀನು ಕಂಡವರ ಹೊಲಕ್ಕೆ ಹೋಗುವುದನ್ನು ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ಎದ್ದು ಬರಲಿಲ್ಲ.

ಇದನ್ನು ನಿನ್ನ ಮೊಮ್ಮಗಳು ನಿನಗೆ ಓದಿ ಹೇಳುತ್ತಾಳೆ. ನಿನ್ನ ಬಾವನ ಮಕ್ಕಳಿಗೂ ಹಿರಿಯರಿಗೂ ಹೇಳಿಕಳಿಸಿದ್ದೇನೆ. ಅವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ನಾಳೆ ಬೆಳಿಗ್ಗೆ ಅದೇ ಹಗ್ಗ ತರುತ್ತೇನೆ — ಗಂಟು ಹಾಗೇ ಇದೆ. ಎಲ್ಲರೆದುರು ನನ್ನ ತಪ್ಪು ಹೇಳಿ, ಮೂಲೆಯಿಂದ ಎರಡು ಕಡೆಗೂ ಗಂಟಿನವರೆಗೆ ಅಳೆಯುತ್ತೇನೆ. ಒಂದು ತುದಿ ನೀನೇ ಹಿಡಿಯಬೇಕು, ಕೆಂಪಮ್ಮ. ಹಿಡಿದು, ಅವತ್ತು ಕೂಗಿ ಕೇಳಿದ್ದನ್ನು ಇನ್ನೊಂದು ಸಲ ಕೇಳು.