ಆಚಾರಿ ಮಾಡಿಕೊಟ್ಟ ಮರದ ತುಂಡುಗಳು

ಹೋದ ವಾರ ಬಂಗಾರಪೇಟೆಯ ಆಟಿಕೆ ಅಂಗಡಿಯಲ್ಲಿ ಒಂದು ಡಬ್ಬಿಯ ಮುಚ್ಚಳ ತೆಗೆದೆ. ಆಗಷ್ಟೇ ಕೀಸಿದ ಮರದ ವಾಸನೆ ಬಂತು. ಕೈ ಅಲ್ಲೇ ನಿಂತಿತು...

ನನ್ನ ಮೊಮ್ಮಗಳಿಗೆ ಒಂದೂವರೆ ವರ್ಷ. ಲೋಟದ ಮೇಲೆ ಲೋಟ, ಅದರ ಮೇಲೆ ನನ್ನ ಕನ್ನಡಕದ ಡಬ್ಬಿ ಇಟ್ಟು ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಾಳೆ. ಅದನ್ನು ನೋಡುತ್ತಾ ಕೂತರೆ ನನಗೆ ಊಟದ ನೆನಪೂ ಆಗುವುದಿಲ್ಲ. "ಜೋಡ್ಸಿ ಕಟ್ಟೋ ಆಟಿಕೆ ತರ್ಬೇಕವ್ವಾ, ಬುದ್ಧಿ ಬೆಳೀತದಂತೆ" ಎಂದಳು ಮಗಳು. ನಾನೇ ತರುತ್ತೇನೆಂದು ಹೊರಟೆ. ಓದಿದ್ದು ಮೂರನೇ ಕ್ಲಾಸು. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ತಿಳಿಯದು. ಅದಕ್ಕೇ ಮೊಮ್ಮಗಳಿಗೆ ಬಿಗಿಯಾದ ಹಳೇ ಬಳೆಯೊಂದನ್ನು ಸೆರಗಿಗೆ ಕಟ್ಟಿಕೊಂಡು ಹೋಗಿದ್ದೆ. ಪ್ಲಾಸ್ಟಿಕ್ ತುಂಡುಗಳನ್ನು ಒಂದೊಂದಾಗಿ ಅದರೊಳಗೆ ಬಿಟ್ಟು ನೋಡಿದೆ. ತೂರಿದ್ದನ್ನೆಲ್ಲ ಆಚೆ ಇಟ್ಟೆ.

"ಏನಜ್ಜಿ, ಬಳೆ ಅಂಗಡಿ ಅನ್ಕೊಂಡ್ ಬಂದ್ರಾ?" ಎಂದ ಅಂಗಡಿಯವನು.

"ಇದ್ರಾಗೆ ತೂರೋದು ಮಗೀನ ಗಂಟ್ಲಾಗೂ ತೂರ್ತದಪ್ಪಾ. ನಿಂಗೂ ಮಕ್ಳಾಗ್ಲಿ, ಗೊತ್ತಾಯ್ತದೆ."

ಅವನು ನಗುತ್ತಾ ಮೇಲಿನ ಅಟ್ಟದಿಂದ ಮರದ ತುಂಡುಗಳ ಡಬ್ಬಿ ಇಳಿಸಿಕೊಟ್ಟ. ಬಳೆಯ ಅಳತೆ ನನ್ನ ಬುದ್ಧಿಯಲ್ಲ. ಅದನ್ನು ಹೇಳಿಕೊಟ್ಟವರು ಕೋರಮಂಡಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಚಾರಿ.

ಆಗ ಅಲ್ಲಿ ಚಿನ್ನದ ಗಣಿ ನಡೆಯುತ್ತಿತ್ತು. ನನ್ನ ಗಂಡ ದಿನಾ ಒಳಗೆ ಇಳಿಯುತ್ತಿದ್ದರು. ಗಣಿ ಕೆಲಸದವರ ಲೈನ್ ಮನೆಗಳಲ್ಲಿ ನಮಗೂ ಆಚಾರಿಗೂ ನಡುವೆ ಒಂದೇ ಗೋಡೆ. ಅವರು ಒಂಟಿ. ಗಣಿಯೊಳಗೆ ಬಂಡೆ ಕುಸಿಯದಂತೆ ಆನಿಸುವ ದಿಮ್ಮಿ ಕೊಯ್ಯುವುದು ಅವರ ಕೆಲಸ. ಯಾರಾದರೂ ಸತ್ತರೆ ಹೆಣದ ಪೆಟ್ಟಿಗೆ ಮಾಡುವುದೂ ಅವರೇ. ನನ್ನ ಮಗಳು ತಪ್ಪುಹೆಜ್ಜೆ ಇಟ್ಟು ನಡೆಯಲು ಕಲಿಯುವ ಕಾಲಕ್ಕೆ ಒಂದು ಭಾನುವಾರ ಟವೆಲಿನಲ್ಲಿ ಎಂಟು ಮರದ ತುಂಡು ಕಟ್ಟಿಕೊಂಡು ಬಂದರು. ಬಣ್ಣವಿಲ್ಲ. ಒಂದೊಂದರ ಮೂಲೆಯನ್ನೂ ತಮ್ಮ ಕೆನ್ನೆಗೆ ಉಜ್ಜಿ ನೋಡಿ, ಮಗಳ ಕೈಯಿಂದ ಜಾರಿದ್ದ ಬಳೆಯನ್ನು ಕೇಳಿ ಪಡೆದು, ಯಾವುದೂ ಅದರೊಳಗೆ ತೂರದೆಂದು ತೋರಿಸಿದರು.

"ಚಿಕ್ಕವು ಎರಡು ಸೇರಿದ್ರೆ ದೊಡ್ಡದೊಂದು ಆಯ್ತದೆ ಅಮ್ಮಣ್ಣಿ. ನೀನು ಏಳ್ಕೊಡಬ್ಯಾಡ. ಪಾಪ ಬೀಳ್ಸಿ ಬೀಳ್ಸಿ ತಾನೇ ಕಂಡ್ಕೊಂತದೆ."

ಅವರು ಆಚೆ ಹೋಗುವುದನ್ನೇ ಕಾದಿದ್ದ ಅತ್ತೆ ನನ್ನನ್ನು ಒಳಗೆ ಕರೆದರು. "ಎಣದ ಪೆಟ್ಗೆ ಮಾಡಿ ಉಳಿದ ಮರ ಕಣೇ ಅದು. ಗಂಡ ಒಳಗಿಳ್ದವ್ನೆ, ನೀನು ಅದನ್ನ ಮನೇಲಿಕ್ಕೊಂಡು ಮಗೀನ ಕೈಗೆ ಕೊಡ್ತೀಯಾ?"

ಅತ್ತೆಯ ಮೇಲೆ ತಪ್ಪು ಹೊರಿಸುವುದಿಲ್ಲ. ನಾನೂ ಅದನ್ನು ನಂಬಿದೆ. ಎಂಟನ್ನೂ ನೀರೊಲೆಗೆ ಹಾಕಿದವಳು ನಾನೇ.

ಮುಂದಿನ ಭಾನುವಾರ ಆಚಾರಿ ಬಾಗಿಲಲ್ಲಿ ನಿಂತು ಕೇಳಿದರು. "ಪಾಪ ಮನೆ ಕಟ್ತಾ?"

"ಕಟ್ತಾವ್ಳೆ ಆಚಾರಿ" ಎಂದೆ.

ಅವರ ಮುಖ ಅರಳಿತು. ಹಾಗಾದರೆ ಮನೆಗೆ ಸೂರು ಬೇಕಲ್ಲ ಎಂದು ಇನ್ನೆರಡು ತಂದರು. ಅದರ ಮುಂದಿನ ವಾರ ಕಮಾನಿನಂಥದ್ದೊಂದು. ಬಂದದ್ದೆಲ್ಲ ಒಲೆಗೇ ಹೋಯಿತು. ಒಂದು ಬೆಳಿಗ್ಗೆ ನಾನು ನೀರು ಕಾಯಿಸುತ್ತಿರುವಾಗ ಹಿತ್ತಲ ಕಡೆಯಿಂದ ಬಂದುಬಿಟ್ಟರು. ಒಲೆಯ ಬಾಯಲ್ಲಿ ಆ ಕಮಾನು ಅರ್ಧ ಉರಿದಿತ್ತು. ಅವರು ನೋಡಿದರು. ನಾನು ಊದುಗೊಳವೆ ಹಿಡಿದೇ ಕೂತಿದ್ದೆ.

"ನೀರು ಕಾದ್ವಾ ಅಮ್ಮಣ್ಣಿ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಆಮೇಲೆ ಏನನ್ನೂ ತರಲಿಲ್ಲ. ಎದುರಾದರೆ ಮಾತಾಡಿಸುತ್ತಿದ್ದರು, ಮಗಳ ತಲೆ ಸವರುತ್ತಿದ್ದರು... ಅಷ್ಟೇ.

ನಾವು ಲೈನ್ ಬಿಟ್ಟ ಕೆಲವು ವರ್ಷಗಳ ನಂತರ ಕ್ಯಾಸಂಬಳ್ಳಿಯ ನನ್ನ ತವರಲ್ಲಿ ಅಣ್ಣ ಹಲಸಿನ ಮರ ಕುಯ್ಯಿಸಿದ. ಹಲಗೆಯ ಆ ಅರಿಶಿನದ ಬಣ್ಣ ಕಂಡು ಅಲ್ಲೇ ಕೂತೆ. ಆಚಾರಿ ಕೊಟ್ಟ ತುಂಡುಗಳ ಬಣ್ಣ ಅದೇ. ಹೆಣದ ಪೆಟ್ಟಿಗೆಗೆ ಹಾಕುತ್ತಿದ್ದದ್ದು ಬಿಳಿಚಿದ ಅಗ್ಗದ ಹಲಗೆ. ಲೈನಿನಲ್ಲಿ ಎಷ್ಟು ಸಲ ನೋಡಿಲ್ಲ ನಾನು. ಅವರು ಎಲ್ಲಿಂದಲೋ ಬೇರೆ ಮರ ಹುಡುಕಿ ತಂದು ಕೀಸಿದ್ದರು. ಯಾವ ಮರವೆಂದು ಅವರನ್ನು ಒಂದು ಮಾತು ಕೇಳುವ ಧೈರ್ಯ ನನಗಿರಲಿಲ್ಲ, ಸುಟ್ಟೆ. ತಪ್ಪಾಯಿತೆಂದು ಹೇಳಿಬರಲು ಕೋರಮಂಡಲ್‌ಗೆ ಹೋದರೆ ಗಣಿ ಮುಚ್ಚಿತ್ತು, ಅವರ ಮನೆಗೆ ಬೀಗ. ತೀರಿಕೊಂಡರೆಂದು ಒಬ್ಬರು, ತಮಿಳುನಾಡಿನ ಕಡೆ ಹೋದರೆಂದು ಇನ್ನೊಬ್ಬರು...

ಮರದ ಡಬ್ಬಿಯನ್ನೇ ತಂದೆ. ಮೊಮ್ಮಗಳು ನಾಲ್ಕು ತುಂಡು ಪೇರಿಸಿದಳು, ಐದನೆಯದಕ್ಕೆ ಎಲ್ಲ ಉರುಳಿತು, ಅವಳು ಕಿಲಕಿಲ ನಕ್ಕಳು. ಆ ಸಂತೋಷ ನನ್ನೊಬ್ಬಳಿಂದ ಹಿಡಿದಿಡಲಾಗಲಿಲ್ಲ. ಇದನ್ನು ನೋಡಬೇಕಿದ್ದ ಕಣ್ಣು ಇಲ್ಲವಲ್ಲ ಅನ್ನಿಸಿ, ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಮಗಳಿಗೆ ಹೇಳಿಬಿಟ್ಟೆ. ನಿನಗೂ ಒಬ್ಬರು ಹೀಗೇ ಮಾಡಿಕೊಟ್ಟಿದ್ದರು, ನಾನು ಒಲೆಗೆ ಹಾಕಿದೆ ಎಂದು.

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಉರುಳಿದ ತುಂಡುಗಳನ್ನು ಒಂದೊಂದಾಗಿ ಆರಿಸಿ ಮಗುವಿನ ಮುಂದಿಟ್ಟಳು.

"ಅವ್ರ ಎಸ್ರೇನವ್ವಾ?" ಎಂದಳು ಕೊನೆಗೆ.

ಏಳು ವರ್ಷ ಅಕ್ಕಪಕ್ಕ ಇದ್ದೆವು. ಅವರ ಕೆಮ್ಮು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ನಾವೆಲ್ಲ ಆಚಾರಿ ಎಂದೇ ಕರೆಯುತ್ತಿದ್ದೆವು. ಹೆಸರು... ನಾನು ಯಾವತ್ತೂ ಕೇಳಿರಲಿಲ್ಲ.