ಮುರುಗೇಶಪ್ಪನ ಜೇಬಿನ ಕೀ

ಮನೆಯಲ್ಲಿ ಮಿಕ್ಸಿ ಕೆಟ್ಟರೆ ಮುರುಗೇಶಪ್ಪ ಮೊದಲು ಅದರ ಪ್ಲಗ್ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಪ್ಲಗ್ ಜೇಬಿನಲ್ಲಿ, ಮಿಕ್ಸಿ ತೊಡೆಯ ಮೇಲೆ, ನಡುವೆ ಒಂದು ಮೊಳ ವೈರು. ಹಾಗೆ ಕೂತ ಗಂಡನನ್ನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದರೂ ಕಾಶಮ್ಮನಿಗೆ ನಗು ತಡೆಯುವುದಿಲ್ಲ. ನೀರಿನ ಮೋಟಾರು ಬಿಚ್ಚುವಾಗ ಫ್ಯೂಸ್ ಜೇಬಿಗೆ, ಸ್ಕೂಟರ್ ಬಿಚ್ಚುವಾಗ ಕೀ ಜೇಬಿಗೆ. ಜೇಬು ತಡಕದೆ ಅವನ ಅಂಗಿಯನ್ನು ಸೋಪಿನ ನೀರಿಗೆ ಹಾಕುವ ಹಾಗೇ ಇಲ್ಲ. ಓಡುವ ಯಂತ್ರಕ್ಕೆ ಕೈ ಹಾಕಬಾರದು. ನಿಂತ ಯಂತ್ರವೂ ಇನ್ನೊಬ್ಬರು ಓಡಿಸಲಾಗದ ಹಾಗೆ ನಿಂತಿರಬೇಕು. ಬೆಳಗಿನ ಲಿಂಗಪೂಜೆಯನ್ನಾದರೂ ಒಂದು ದಿನ ತಪ್ಪಿಸಿಯಾನು, ಈ ನೇಮವನ್ನು ತಪ್ಪಿಸಿದವನಲ್ಲ.

ಈ ನೇಮ ಹುಟ್ಟಿದ್ದು ಭದ್ರಾವತಿಯ ಹೊರಗಿದ್ದ ಒಂದು ತಗಡಿನ ಶೆಡ್ಡಿನಲ್ಲಿ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒತ್ತಿಕೊಡುತ್ತಿದ್ದ ಶೆಡ್ಡು ಅದು. ಈಗ ಮುಚ್ಚಿ, ಅಲ್ಲೊಂದು ಕಲ್ಯಾಣ ಮಂಟಪ ಎದ್ದಿದೆ. ಮುರುಗೇಶಪ್ಪ ಅಲ್ಲಿ ಫಿಟ್ಟರ್. ಅವನ ಜೊತೆಗಾರ ಸಿದ್ದಯ್ಯ. ಒಂದು ದಿನ ಎಣ್ಣೆಯ ಒತ್ತಡದಲ್ಲಿ ನಡೆಯುವ ಪ್ರೆಸ್ಸೊಂದು ಸಿಕ್ಕಿಕೊಂಡಿತು. ಸಿದ್ದಯ್ಯ ಅದರ ಬಾಯಿಗೆ ಕೈ ಹಾಕಿ ತಗಡು ಬಿಡಿಸುತ್ತಿದ್ದ, ಮುರುಗೇಶಪ್ಪ ಆಚೆ ಬದಿಯಲ್ಲಿ ಬಟನ್ ಹತ್ತಿರ ನಿಂತಿದ್ದ. ಗದ್ದಲದ ನಡುವೆ ಸಿದ್ದಯ್ಯನ ದನಿ ಕೇಳಿಸಿತು. ಅವನು ‘ಆಯ್ತು’ ಅಂದನೆಂದುಕೊಂಡು ಮುರುಗೇಶಪ್ಪ ಬಟನ್ ಒತ್ತಿದ. ಸಿದ್ದಯ್ಯನ ಬಲಗೈಯ ಎರಡು ಬೆರಳು ಹೋದವು.

ಮಾಲೀಕರು ಆಸ್ಪತ್ರೆಗೆ ಬಂದು ವಿಚಾರಿಸಿದರು. ಸಿದ್ದಯ್ಯ ಮಲಗಿದಲ್ಲಿಂದಲೇ, ತಪ್ಪು ತನ್ನದು, ಕೈ ಇನ್ನೂ ಒಳಗಿದ್ದಾಗಲೇ ತಾನು ‘ಆಯ್ತು’ ಅಂದುಬಿಟ್ಟೆ ಎಂದ. ಮುರುಗೇಶಪ್ಪನ ಕೆಲಸ ಉಳಿಯಿತು. ಆದರೆ ಕಿವಿಗೆ ಅದರದ್ದೇ ನೆನಪಿರುತ್ತದಲ್ಲ. ಆ ಮಾತಿನ ಕೊನೆ ಸ್ವಲ್ಪ ಎಳೆದಂತಿತ್ತು, ಮೇಲಕ್ಕೆ ಹೋದಂತಿತ್ತು. ಅದು ‘ಆಯ್ತು’ ಆಗಿರದೆ ‘ಆಯ್ತಾ?’ ಆಗಿದ್ದರೆ? ಮೇನ್ ಸ್ವಿಚ್ ತೆಗೆದದ್ದು ಆಯ್ತಾ ಎಂದು ಅವನು ಕೇಳಿದ್ದರೆ? ಸಿದ್ದಯ್ಯನನ್ನೇ ಕೇಳಿಬಿಡಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಪ್ರತಿ ಭಾನುವಾರ ಸಿದ್ದಯ್ಯ ಮನೆಗೆ ಬರುತ್ತಾನೆ, ಜಗಲಿಯಲ್ಲಿ ಕೂತು ಹೆಬ್ಬೆರಳು ಮತ್ತು ಉಳಿದೆರಡು ಬೆರಳಿನಲ್ಲಿ ಕಾಫಿ ಲೋಟ ಹಿಡಿದು ಊರ ಸುದ್ದಿಯನ್ನೆಲ್ಲ ಮಾತಾಡುತ್ತಾನೆ. ಅದೊಂದನ್ನು ಬಿಟ್ಟು.

ಈ ಭಾನುವಾರ ಅವನು ಬಂದಾಗ ಅಂಗಳದಲ್ಲಿ ಕಾರು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಕಾರಿನ ಕೆಳಗಿನಿಂದ ಮುರುಗೇಶಪ್ಪನ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಕಾರು ಮಗಳು ಅಮೂಲ್ಯಳದು. ಅಮೂಲ್ಯ ಶಿವಮೊಗ್ಗದ ದುರ್ಗಿಗುಡಿಯ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಬರುವ ಸಕ್ಕರೆ ಕಾಯಿಲೆಯವರಿಗಾಗಿ ಲ್ಯಾಬಿನ ಬಾಗಿಲು ಆರೂವರೆಗೇ ತೆಗೆಯಬೇಕು. ಒಂಬತ್ತನೇ ವಯಸ್ಸಿನಲ್ಲಿ ಲಾರಿ ತಾಗಿದ ಮೇಲೆ ಅವಳ ಎಡಗಾಲು ಮಂಡಿಯಲ್ಲಿ ಮಡಚುವುದಿಲ್ಲ, ಕ್ಲಚ್ ಒತ್ತಲಾಗುವುದಿಲ್ಲ. ಬಸ್ಸಿನ ಮೆಟ್ಟಿಲೆಂದರೆ ಅವಳಿಗೆ ಬೆಟ್ಟ ಹತ್ತಿದ ಹಾಗೆ. ಯಾರಾದರೂ ತೋಳು ಹಿಡಿದು ಎತ್ತಬೇಕು, ಎತ್ತಿದವರು ಆಮೇಲೆ ಅಯ್ಯೋ ಪಾಪ ಅನ್ನದೆ ಇರಬೇಕು. ಐದು ವರ್ಷದ ಹಿಂದೆ, ಯಾರೋ ಓಡಿಸಿ ಬಿಟ್ಟ ಈ ಆಟೋಮ್ಯಾಟಿಕ್ ಕಾರು ಕೊಂಡ ದಿನದಿಂದ ಅವಳು ಯಾರ ತೋಳನ್ನೂ ಹಿಡಿದಿಲ್ಲ.

ಎರಡು ತಿಂಗಳಿಂದ ಕಾರು ಗೇರು ಬದಲಾಗುವಾಗಲೆಲ್ಲ ಕುಕ್ಕುತ್ತಿತ್ತು. ಶಿವಮೊಗ್ಗದ ವರ್ಕ್‌ಶಾಪೊಂದರಲ್ಲಿ ತೋರಿಸಿದರೆ, ಗೇರ್‌ಬಾಕ್ಸೇ ಹೋಗಿದೆ, ಹೊಸದು ಹಾಕುವುದಕ್ಕಿಂತ ಕಾರು ಕೊಟ್ಟುಬಿಡುವುದು ವಾಸಿ ಎಂದರು. ಆಯಿಲ್ ಬದಲಿಸಿದರೆ ಹೇಗೆ ಎಂದು ಕೇಳಿದ್ದಕ್ಕೆ, ಈ ಗೇರ್‌ಬಾಕ್ಸಿನ ಆಯಿಲ್ ಅದರ ಜೀವನಪೂರ್ತಿ ಬರುತ್ತೆ, ಬದಲಿಸುವ ಮಾತೇ ಇಲ್ಲ ಎಂದರು. ಅಮೂಲ್ಯ ಸುಮ್ಮನೆ ಮನೆಗೆ ಬಂದಳು. ಗುಜರಿಯವನೊಬ್ಬನಿಗೆ ಸೋಮವಾರ ಬಂದು ಒಯ್ಯಲು ಹೇಳಿದಳು. ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಲ್ಯಾಬಿಗೂ ತಿಳಿಸಿದಳು. ಅಷ್ಟು ಮಾಡಿ ಮುಗಿಸಿ ಅಪ್ಪನಿಗೆ ಹೇಳಿದಳು, ಅಳಲಿಲ್ಲ. ಅಳದಿದ್ದದ್ದೇ ಮುರುಗೇಶಪ್ಪನ ಕರುಳಿಗೆ ತಾಗಿತು.

ಜೀವನಪೂರ್ತಿ ಬಾಳುವ ಎಣ್ಣೆಯನ್ನು ತಾನಂತೂ ಕಂಡಿಲ್ಲ ಎಂದು ಅವನಿಗೆ ರೇಗಿತು. ಮಗಳಿಂದ ಕೈಪಿಡಿಯಲ್ಲಿ ಆಯಿಲಿನ ಹೆಸರಷ್ಟೇ ಓದಿಸಿ, ಸರಿಯಾದ ಆಯಿಲ್ ತರಿಸಿ, ಭಾನುವಾರ ಬೆಳಿಗ್ಗೆ ಅವಳಿಂದಲೇ ಕಾರನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಸಿ, ಕೀ ಜೇಬಿಗೆ ಹಾಕಿಕೊಂಡು ಕೆಳಗೆ ನುಗ್ಗಿದ. ಡ್ರೈನ್ ಬೋಲ್ಟ್ ಬಿಚ್ಚಿದ್ದೇ ಕಷಾಯದ ಬಣ್ಣದ ಎಣ್ಣೆ ಬಾಣಲೆಗೆ ಸುರಿಯಿತು, ಸೀದ ವಾಸನೆ. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಪುಡಿ ಅಂಟಿತ್ತು. ಬೆರಳಲ್ಲಿ ಉಜ್ಜಿ ನೋಡಿದ. ವಿಭೂತಿಯಷ್ಟು ನುಣ್ಣಗಿತ್ತು, ಒಂದು ಚೂರೂ ಇರಲಿಲ್ಲ. ಚೂರಿದ್ದರೆ ಒಳಗೆ ಹಲ್ಲು ಮುರಿದಿದೆ ಎಂದರ್ಥ. ಪುಡಿಯಷ್ಟೇ ಎಂದರೆ ಸವೆತ. ಗೇರ್‌ಬಾಕ್ಸಿಗೆ ಜೀವ ಇದೆ ಎಂದು ಅವನು ಕೆಳಗಿನಿಂದಲೇ ಕೂಗಿ ಹೇಳಿದ. ಅಮೂಲ್ಯ ಕುಂಟುತ್ತ ಬಂದು, ಬಗ್ಗಲಾಗದೆ, ಅಪ್ಪನ ಪಾದದ ಹತ್ತಿರ ನಿಂತಳು.

ಕಾರು ಕೆಳಗಿಳಿಸಿ, ಹೊರಬಂದಷ್ಟನ್ನೇ ಅಳೆದು, ಕೆಂಪಗಿನ ಹೊಸ ಎಣ್ಣೆಯನ್ನು ಆಲಿಕೆಯಲ್ಲಿ ಸುರಿದದ್ದಾಯಿತು. ಅಮೂಲ್ಯ ಎಂಜಿನ್ ಒಂದು ಗಳಿಗೆ ಓಡಿಸಿ ನಿಲ್ಲಿಸಿದಳು. ಅವನು ಕೀ ಇಸಿದುಕೊಂಡು ಜೇಬಿಗೆ ಹಾಕಿ, ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದರೆ ಮೇಲಿನ ಗುರುತು ದಾಟಿ ಎರಡು ಬೆರಳು ಎಣ್ಣೆ. ಮಗಳು ಕೈಪಿಡಿ ತೆಗೆಯಲು ಹೋದಳು. ನಲವತ್ತು ವರ್ಷ ಎಣ್ಣೆಯಲ್ಲೇ ಮಿಂದವನಿಗೆ ಎಣ್ಣೆ ಅಳೆಯುವುದನ್ನು ಹೇಳಿಕೊಡಬೇಡ ಎಂದು ಅವಳ ಬಾಯಿ ಮುಚ್ಚಿಸಿದ. ಮೊದಲು ಯಾರೋ ಜಾಸ್ತಿ ತುಂಬಿದ್ದರು, ಅದಕ್ಕೇ ಕುಕ್ಕುತ್ತಿತ್ತು ಎಂದು ತನಗೆ ತಾನೇ ತೀರ್ಮಾನಿಸಿ, ಪೈಪು ಇಳಿಸಿ ಒಂದು ಲೀಟರಿಗೂ ಹೆಚ್ಚು ಎಣ್ಣೆಯನ್ನು ತಟ್ಟೆಗೆ ಹೊರಗೆಳೆದ.

ಅಮೂಲ್ಯ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದಳು. ಕಾರು ಒಂದು ಮಾರು ಹೋಗಿ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚುತ್ತದೆ, ಚಕ್ರ ಕದಲುವುದಿಲ್ಲ. ಅವಳು ಮೆಲ್ಲಗೆ ಎಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟಳು. ಕುಕ್ಕುತ್ತಲಾದರೂ ಓಡುತ್ತಿದ್ದ ಕಾರನ್ನು ತಾನು ಕೈಯಾರೆ ಕೊಂದೆ ಎಂದು ಮುರುಗೇಶಪ್ಪನಿಗೆ ಅನ್ನಿಸಿತು. ಆ ಗಳಿಗೆಯಲ್ಲೂ ಕೈ ಕಿಟಕಿಯೊಳಗೆ ಹೋಗಿ ಕೀ ಕಿತ್ತು ಜೇಬಿಗೆ ಹಾಕಿಕೊಂಡಿತು.

ಅಮೂಲ್ಯ ಈಗ ಯಾರ ಅಪ್ಪಣೆಯನ್ನೂ ಕೇಳದೆ ಕೈಪಿಡಿ ತೆರೆದಳು.

“ಎಂಜಿನ್ ಚಾಲೂ ಇಟ್ಕೊಂಡೇ ನೋಡ್ಬೇಕಂತೆ ಅಪ್ಪಾಜಿ. ನಿಲ್ಸಿದ್ರೆ ಮೇಲಿರೋ ಆಯಿಲ್ ಕೆಳಗಿಳಿದು ಜಾಸ್ತಿ ತೋರ್ಸುತ್ತಂತೆ.”

ಫಿಟ್ಟರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಡುವಾಗ ಮೇಲೆ ದುಡಿಯುವ ಎಣ್ಣೆ, ನಿಂತಾಗ ಕೆಳಗೆ ಬಂದು ಕೂತಿತ್ತು. ಅದನ್ನು ಹೆಚ್ಚುವರಿ ಎಂದುಕೊಂಡು ತಾನು ತೆಗೆದುಹಾಕಿದ್ದ. ತೆಗೆದದ್ದನ್ನು ಹಾಗೇ ಮರಳಿ ಸುರಿಯೋಣವೆಂದರೆ ಅದು ನೆಲದ ಮೇಲಿನ ತಟ್ಟೆಯಲ್ಲಿ ಮಣ್ಣು ಕುಡಿದು ಕೂತಿತ್ತು. ಡಬ್ಬಿಯಲ್ಲಿ ಉಳಿದ ಹೊಸದನ್ನು ಎಷ್ಟು ಹಾಕಬೇಕೆಂದು ತಿಳಿಯಲು ಎಂಜಿನ್ ಓಡುತ್ತಿರಬೇಕು, ಕೀ ಇನ್ನೊಬ್ಬರ ಕೈಯಲ್ಲಿರಬೇಕು, ಬಾನೆಟ್ಟಿನ ಒಳಗೆ ಬೆಲ್ಟು ತಿರುಗುತ್ತಿರುವಾಗಲೇ ಕೈ ಇಳಿಸಬೇಕು. ಅವನು ಜೇಬಿನ ಮೇಲೆ ಅಂಗೈ ಒತ್ತಿಕೊಂಡು ನಿಂತ. ಮಗಳು ಕೀ ಕೇಳಿದಳು. ಆಗಲ್ಲ ಎಂದ. ಇವತ್ತು ಆಗದಿದ್ದರೆ ನಾಳೆ ಗುಜರಿಯವನು ಬರುತ್ತಾನೆ ಎಂದಳು. ಬರಲಿ ಎಂದ. ಅಂದಮೇಲೆ ಅವನಿಗೇ ನಾಚಿಕೆಯಾಯಿತು.

ಜಗಲಿಯ ಮೇಲೆ ಕೂತಿದ್ದ ಸಿದ್ದಯ್ಯ ಲೋಟ ಕೆಳಗಿಟ್ಟ. ಹೆಗಲ ಮೇಲಿನ ಟವೆಲನ್ನು ತೆಗೆದು ಪಕ್ಕದಲ್ಲಿ ನಿಂತಿದ್ದ ಕಾಶಮ್ಮನ ಕೈಗೆ ಕೊಟ್ಟ. ಓಡುವ ಬೆಲ್ಟಿನ ಹತ್ತಿರ ಹೋಗುವವನು ಹಾಗೇ ಮಾಡುವುದು.

“ಕೀ ಮಗೂಗೆ ಕೊಡು ಮುರುಗೇಶ. ನೀನು ಹಾಕ್ಬೇಡ, ನಾನು ಹಾಕ್ತೀನಿ ಕೈ.”

ಮುರುಗೇಶಪ್ಪ ಬೇಡ ಅನ್ನುವಷ್ಟರಲ್ಲಿ ಸಿದ್ದಯ್ಯ ಬಾನೆಟ್ಟಿನ ಮುಂದೆ ಹೋಗಿ ನಿಂತಾಗಿತ್ತು. ಕಾಶಮ್ಮ ಗಂಡನ ಮುಖ ನೋಡಿದಳು, ನಗಲಿಲ್ಲ. ಅವನು ಕೀ ಕೊಟ್ಟ. ಎಂಜಿನ್ ಚಾಲೂ ಆಯಿತು. ಬ್ರೇಕ್ ಒತ್ತಿ ಹಿಡಿದು, ಗೇರಿನ ಹಿಡಿಯನ್ನು ಒಂದೊಂದು ಜಾಗಕ್ಕೂ ಒಯ್ದು, ಕೊನೆಗೆ ಪಾರ್ಕಿಂಗಿಗೆ ತರಬೇಕು. ಆಮೇಲಷ್ಟೇ ಕಡ್ಡಿ ಎಳೆಯುವುದು. ಮುರುಗೇಶಪ್ಪ ಕಿಟಕಿಯ ಹತ್ತಿರ ನಿಂತು ಮಗಳ ಕೈಯನ್ನೇ ನೋಡುತ್ತಿದ್ದ. ಎಂಜಿನ್ನಿನ ಸದ್ದಿನ ನಡುವೆ, ಎತ್ತಿದ ಬಾನೆಟ್ಟಿನ ಆಚೆಯಿಂದ ಸಿದ್ದಯ್ಯ ಏನೋ ಅಂದ.

ಅದೇ ದನಿ, ಅದೇ ಮಾತು. ಮುರುಗೇಶಪ್ಪ ಮಗಳಿಗೆ ಕೈ ಅಡ್ಡ ಮಾಡಿ, ಏನೂ ಮುಟ್ಟಬೇಡವೆಂದು ಸನ್ನೆ ಮಾಡಿ, ಕಾರಿನ ಮುಂದಕ್ಕೆ ನಡೆದು ಸಿದ್ದಯ್ಯನ ಮುಖಕ್ಕೆ ಮುಖ ಕೊಟ್ಟು ನಿಂತ.

“ಆಯ್ತಾ ಅಂದ್ಯಾ, ಆಯ್ತು ಅಂದ್ಯಾ?”

ಸಿದ್ದಯ್ಯ ಬಾನೆಟ್ಟಿನ ಅಂಚಿನಿಂದ ಕೈ ತೆಗೆದ.

“ಆಯ್ತಾ ಅಂದೆ ಮಾರಾಯ. ಅವತ್ತೂ ಹಂಗೇ ಅಂದಿದ್ದೆ.”

ಮುರುಗೇಶಪ್ಪನಿಗೆ ಅದು ಗೊತ್ತಿದ್ದದ್ದೇ. ಇಪ್ಪತ್ತಾರು ವರ್ಷ ಪ್ರತಿ ರಾತ್ರಿ ಗೊತ್ತಿದ್ದದ್ದೇ. ಆದರೆ ಸಿದ್ದಯ್ಯ ಆಸ್ಪತ್ರೆಯಲ್ಲಿ ಮಲಗಿದ್ದುಕೊಂಡು ತನಗಾಗಿ ಸುಳ್ಳು ಹೇಳಿದ್ದ ಎಂಬುದನ್ನು ಅವನು ಒಪ್ಪಿಕೊಂಡಿದ್ದು ಇದೇ ಮೊದಲು. ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಎಣ್ಣೆ ಬಳಿದುಕೊಂಡ. ಆಮೇಲೆ ಸಿದ್ದಯ್ಯನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಅಂಗಿಯ ತೋಳು ಮಡಚಿ, ಓಡುತ್ತಿರುವ ಎಂಜಿನ್ನಿನ ಒಳಗೆ ತನ್ನ ಕೈಯನ್ನೇ ಇಳಿಸಿದ.

ಕಡ್ಡಿಯ ತುದಿ ಒಣಗಿತ್ತು. ಅವನು ಸುರಿದ, ಒರೆಸಿದ, ಮತ್ತೆ ಅದ್ದಿ ನೋಡಿದ, ಮತ್ತೆ ಸುರಿದ. ಪ್ರತಿ ಸಲವೂ ಅಮೂಲ್ಯ ಕಿಟಕಿಯಿಂದ ತಲೆ ಹಾಕಿ, ಕೈ ಎಲ್ಲಿದೆ ಎಂದು ಕೇಳಿದಳು. ಪ್ರತಿ ಸಲವೂ ಅವನು ಕೈ ಹೊರಗೆ ತೆಗೆದು ಅವಳಿಗೆ ಕಾಣುವಂತೆ ಎತ್ತಿ ಹಿಡಿದ. ಯಾರೂ ಆಯ್ತು ಅನ್ನಲಿಲ್ಲ. ಐದನೇ ಸಲಕ್ಕೆ ಎಣ್ಣೆ ಎರಡು ಗುರುತುಗಳ ನಡುವೆ ಕೆಂಪಗೆ ನಿಂತಿತು.

ಅಮೂಲ್ಯ ಗೇರಿಗೆ ಹಾಕಿದಳು. ಕಾರು ಕುಕ್ಕಲಿಲ್ಲ, ಅರಚಲಿಲ್ಲ, ಗೇಟು ದಾಟಿ ಬೀದಿಗೆ ಇಳಿಯಿತು. ಒಂದೇ ಸಲಕ್ಕೆ ಹಳೆಯದೆಲ್ಲ ಹೊರಗೆ ಬರುವುದಿಲ್ಲ, ಅರ್ಧ ಒಳಗೇ ಉಳಿದಿದೆ, ಮುಂದಿನ ತಿಂಗಳು ಇನ್ನೊಮ್ಮೆ ಬದಲಿಸಬೇಕು ಎಂದು ಮುರುಗೇಶಪ್ಪ ಯಾರಿಗೆಂದಿಲ್ಲದೆ ಹೇಳಿದ. ನಾಳೆ ಬರುವುದು ಬೇಡವೆಂದು ಗುಜರಿಯವನಿಗೆ ತಿಳಿಸಲು ಕಾಶಮ್ಮ ಆಗಲೇ ಫೋನ್ ಹುಡುಕಲು ಒಳಗೆ ಹೋಗಿದ್ದಳು.

ಗೆಳೆಯರಿಬ್ಬರೂ ಗೇಟಿನ ಹತ್ತಿರ ನಿಂತು ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದರು. ಮುರುಗೇಶಪ್ಪನ ಕೈ ತನಗೆ ತಾನೇ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು.

“ಅವತ್ತೇ ಒಂದ್ಸಲ ಕೇಳ್ಬೇಕಿತ್ತು ಕಣೋ,” ಎಂದ.

ಸಿದ್ದಯ್ಯ ಬೀದಿಯ ಕಡೆಗೇ ನೋಡುತ್ತಿದ್ದ.

“ಇವತ್ತು ಕೇಳಿದ್ಯಲ್ಲ,” ಎಂದ.