ಆವಾಜು ನೋಡಿ ಕೊಡಿಸಿದ ರಂದಾ ಮಷೀನು

ಸಿಂದಗಿ ಸುತ್ತಮುತ್ತಲಿನ ಬಡಿಗರು ಹೊಸ ಮಷೀನು ಕೊಳ್ಳುವ ಮೊದಲು ನನ್ನನ್ನು ಕೇಳುತ್ತಿದ್ದರು. ಬಸವನ ಬಾಗೇವಾಡಿಯಿಂದ, ಇಂಡಿಯಿಂದ ಕೂಡ ಬಸ್ ಹತ್ತಿ ಬರುತ್ತಿದ್ದರು. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಆ ಜಂಬ ನನಗಿತ್ತು. ಮಷೀನಿನ ಬಣ್ಣ ನೋಡಿ ಮರುಳಾಗುವವನು ನಾನಲ್ಲ, ಡಬ್ಬಿಯ ಮೇಲೆ ಬರೆದದ್ದನ್ನು ಓದುವವನೂ ಅಲ್ಲ. ಅಂಗಡಿಯವನಿಗೆ ಚಾಲೂ ಮಾಡಲು ಹೇಳಿ, ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ ಕೇಳುತ್ತಿದ್ದೆ. ಒಳಗೆ ಬೇರಿಂಗ್ ಸರಿಯಿಲ್ಲದಿದ್ದರೆ ದೊಡ್ಡ ಸದ್ದಿನ ಕೆಳಗೆ ಕೀರಲು ದನಿಯ ಒಂದು ಸಣ್ಣ ಎಳೆ ಓಡುತ್ತಿರುತ್ತದೆ. ಅದು ನನಗೆ ಸಿಕ್ಕಿಬಿಡುತ್ತಿತ್ತು. "ಇದು ಬ್ಯಾಡ, ಸಣ್ಣ ಎಳಿ ಐತಿ" ಅಂದರೆ ಮುಗಿಯಿತು, ಮುಂದಿನ ಮಷೀನು ತೆಗೆಯುತ್ತಿದ್ದರು. ಚಹಾ ಅವರದು, ಮಾತು ನನ್ನದು.

ಆ ಎಳೆ ನನಗೆ ಕೇಳಿಸದೆ ಈಗ ಕೆಲವು ವರ್ಷಗಳೇ ಆದವು.

ತಗಡಿನ ಶೆಡ್ಡಿನೊಳಗೆ ಅಗ್ಗದ ಮಷೀನುಗಳನ್ನು ಅರಚಿಸುತ್ತಲೇ ನನ್ನ ಆಯುಷ್ಯ ಕಳೆಯಿತು. ಕಿವಿಗೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಮೊದಲು ಬಲಗಿವಿ ಹೋಯಿತು, ಆಮೇಲೆ ಎಡಗಿವಿ ಅರ್ಧ ಹೋಯಿತು. ಹೋದ ಜಾಗದಲ್ಲಿ ಒಂದು ಗುಂಯ್ ಸದ್ದು ಬಂದು ಕೂತಿತು, ಅದು ಏಳುವುದೇ ಇಲ್ಲ. ಮನೆಯಲ್ಲಿ ಹೆಂಡತಿಗೆ ಗೊತ್ತು, ಏಕೆಂದರೆ ಟಿವಿ ಸದ್ದಿನ ಜಗಳ ದಿನಾ ಇದ್ದದ್ದೇ. ಹೊರಗೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಕಣ್ಣಿಗೆ ಚಸ್ಮಾ ಬಂದಾಗ ನನಗೆ ಏನೂ ಅನ್ನಿಸಿರಲಿಲ್ಲ. ಕಿವಿಯ ಮಾತು ಬಂದರೆ ಮಾತ್ರ ಎಲ್ಲರೆದುರು ಧೋತರ ಜಾರಿದಷ್ಟು ನಾಚಿಕೆಯಾಗುತ್ತಿತ್ತು. ಹಾಗಾಗಿ ಯಾರು ಕರೆದರೂ ಅಂಗಡಿಗೆ ಹೋಗುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ದೇವರ ಹಿಪ್ಪರಗಿಯಿಂದ ನನ್ನ ಗೆಳೆಯ ಬಂದ. ಅವರದು ತಲೆಮಾರುಗಳಿಂದ ಬಾಗಿಲು, ಮಂಚ ಮಾಡಿಕೊಂಡು ಬಂದ ಮುಸ್ಲಿಂ ಮನೆತನ. ಅವನು ನನಗಿಂತ ಕಿರಿಯ. ಇಬ್ಬರೂ ಒಬ್ಬರೇ ಉಸ್ತಾದರ ಕೈಯಲ್ಲಿ ಕೆಲಸ ಕಲಿತವರು. ಆಗ ಅವನು ಮಷೀನಿನ ಸದ್ದಿಗೆ ಕಿವಿಯಲ್ಲಿ ಅರಳೆ ತುರುಕಿಕೊಂಡರೆ ನಾನು "ಏನ ತಮ್ಮ, ಪೈಲಟ್‌ನಂಗ ಕಿವಿ ಮುಚ್ಚೀಯಲ್ಲ, ವಿಮಾನ ಹಾರಸ್ತಿಯೇನು?" ಎಂದು ಕಾಡುತ್ತಿದ್ದೆ. ಉಸ್ತಾದರು ಕೂಡ ನಗುತ್ತಿದ್ದರು. ಆಮೇಲೆ ಅವನು ಸ್ವಂತ ಅಂಗಡಿ ಹಾಕಿದ ಮೇಲೂ ಹಲಗೆ ನಯ ಮಾಡುವುದಕ್ಕೆ ಕೈ ರಂದಾ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

"ರಟ್ಟಿ ಸೋತೈತ್ರಿ ಅಣ್ಣಾರ," ಅಂದ. "ಡಾಕ್ಟರು ಇನ್ನ ರಂದಾ ಹೊಡೀಬ್ಯಾಡ ಅಂದಾರ. ಗೊಳಸಂಗ್ಯಾಗ ಸಾಗವಾನಿ ಬಾಗಲದ ಕೆಲಸ ಒಪ್ಕೊಂಡೇನಿ. ಮಷೀನ್ ಇಲ್ಲಂದ್ರ ಕೆಲಸಾನ ಬಿಡಬೇಕು. ಒಂದ ಸಲ ತಗೋತೇನಿ, ಚಲೋದ ತಗೋತೇನಿ. ನೀವು ಆವಾಜ್ ನೋಡಿ ಹೇಳ್ರಿ."

ಬೇರೆ ಯಾರಿಗಾದರೂ ಹುಸಿ ಹೇಳಬಹುದಿತ್ತು. ಇವನಿಗೆ ಹೇಳಬಾರದು ಎಂದು ನನ್ನ ಮನಸ್ಸಿಗೆ ಗೊತ್ತಿತ್ತು. ಆದರೂ ಬಾಯಿ "ನಡಿ, ಹೋಗೂಣು" ಅಂದಿತು.

ಅಂದು ಸಂತೆ. ಅಂಗಡಿಯಲ್ಲಿ ಪಂಪಿನ ಸಾಮಾನಿಗೆ ಬಂದ ರೈತರಿಬ್ಬರು ನಿಂತಿದ್ದರು. ಸಾವಕಾರ ಪರದೇಶದ ಕಂಪನಿಗಳ ಎರಡು ರಂದಾ ಮಷೀನು ತೆಗೆದು ಕಟ್ಟೆಯ ಮೇಲಿಟ್ಟು, "ಬಡಿಗ್ಯಾರು ಆವಾಜ್ ನೋಡ್ತಾರ, ಎಲ್ಲಾರೂ ಸುಮ್ನಿರ್ರಿ" ಅಂದ. ಮೊದಲನೆಯದನ್ನು ಓಡಿಸಿದ. ನನಗೆ ಕೇಳಿಸಿದ್ದು ಬರೀ ಒಂದು ದಪ್ಪ ಗುಡುಗುಡು. "ಹೂಂ" ಅಂದೆ. ಎರಡನೆಯದಕ್ಕೆ ಕಣ್ಣು ಮುಚ್ಚಿದೆ. ಅದೇ ಗುಡುಗುಡು, ಜೊತೆಗೆ ನನ್ನದೇ ಗುಂಯ್. ಬೇಗ ಕಣ್ಣು ತೆರೆದರೆ ಗತ್ತು ಕಡಿಮೆಯಾಗುತ್ತದೆಂದು ಮತ್ತಷ್ಟು ಹೊತ್ತು ತಲೆ ವಾಲಿಸಿಕೊಂಡೇ ನಿಂತೆ. ಕೊನೆಗೆ ಹೇಳಿದೆ:

"ಇದು ಚಲೋ ಐತಿ. ನೋಡು, ಎಷ್ಟು ಸಾಫ್ ಓಡಾಕತ್ತೈತಿ."

ಕಣ್ಣು ತೆರೆದೆ. ತಲೆಯ ಮೇಲಿನ ಫ್ಯಾನು ನಿಂತಿತ್ತು. ಟ್ಯೂಬ್‌ಲೈಟು ಆರಿತ್ತು. ಮಷೀನು ಕಟ್ಟೆಯ ಮೇಲೆ ತೆಪ್ಪಗೆ ಮಲಗಿತ್ತು. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಿಧಾನವಾಗಿ ಹಾಯ್ದು ಹೋಗುತ್ತಿತ್ತು. ನಾನು ಹೊಗಳಿದ್ದು ಅದನ್ನು.

ಒಬ್ಬ ರೈತ ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಸಾವಕಾರ ಮಷೀನು ನೋಡಿದ, ನನ್ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎಡಕ್ಕೆ ನಿಂತಿದ್ದ ನನ್ನ ಗೆಳೆಯ, "ಕರೆಂಟ್ ಹೋಗೂ ಮುಂಚೆ ಓಡಿದ್ದನ್ನ ಹೇಳಾಕತ್ತಾರ್ರಿ ಅಣ್ಣಾರು. ಇದನ್ನ ಕಟ್ಟಿಕೊಡ್ರಿ" ಅಂದ.

ಕಟ್ಟಿಕೊಟ್ಟರು. ನಾನು ಅಂಗಡಿಯ ಮೆಟ್ಟಿಲು ಹೇಗೆ ಇಳಿದೆನೋ ನನಗೇ ನೆನಪಿಲ್ಲ. ನನ್ನ ಮಾನ ಹೋದದ್ದು ಒಂದು ಕಡೆಗಾದರೆ, ನನ್ನ ಮರ್ಯಾದೆ ಉಳಿಸಲು, ಕಿವಿ ಕೇಳಿಸದವನು ಆರಿಸಿದ ಮಷೀನನ್ನು ಇವನು ಹೊತ್ತು ಹೊರಟಿದ್ದ. ಅದು ಕೆಟ್ಟರೆ ಗೊಳಸಂಗಿಯ ಕೆಲಸವೂ ಕೆಟ್ಟಂತೆಯೇ.

ತನ್ನ ಅಂಗಡಿಯವರೆಗೂ ಬರಬೇಕೆಂದು ಅವನು ನನ್ನನ್ನೂ ದೇವರ ಹಿಪ್ಪರಗಿಯ ಬಸ್ಸಿಗೆ ಹತ್ತಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಎಡಕ್ಕೆ ಕೂತ. ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ತಮ್ಮ, ಇಳದು ಹೊಳ್ಳಿ ಹೋಗೂಣು. ಆ ಮಷೀನಿಂದು ನನಗ ಏನೂ ಗೊತ್ತಾಗಿಲ್ಲ. ನನಗ ಕಿವಿ ಕೇಳಂಗಿಲ್ಲ."

ಜೀವನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಬಿದ್ದಿತ್ತು. ಅವನು ಕಿಟಕಿಯ ಕಡೆ ನೋಡುತ್ತ, "ಗೊತ್ತೈತ್ರಿ" ಅಂದ.

ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲೇ ಆಗಲಿ ಅವನು ನನ್ನ ಎಡಕ್ಕೇ ಕೂರುತ್ತಿದ್ದದ್ದು ಆಗ ನೆನಪಾಯಿತು. ಅದು ಅವನ ರೂಢಿ ಅಂದುಕೊಂಡಿದ್ದೆ.

"ಆವಾಜ್ ನಾನೂ ಕೇಳೇನ್ರಿ. ಎರಡನೇದ ಚಲೋ ಐತಿ."

"ನಾ ಮೊದಲನೇದ ಅಂದಿದ್ರ?"

"ಅದರ ಹಿಡಿಕಿ ನನ್ನ ಕೈಗೆ ಕೂಡಂಗಿಲ್ಲ ಅಂತಿದ್ನಿ."

"ಮತ್ತ ನನ್ನನ್ನ ಯಾಕ ಕರಕೊಂಡು ಹೋದಿ?"

ಅವನು ಡಬ್ಬಿಯ ದಾರ ಸರಿ ಮಾಡಿದ. "ಎಲ್ಲಾರೂ ಕರಕೊಂಡು ಹೋಗ್ತಾರಲ್ರಿ. ನಾ ಒಬ್ಬನ ಬಿಟ್ಟು ಹೋಗಿದ್ರ ನಿಮಗ ಕೆಟ್ಟ ಅನಸ್ತಿತ್ತು."

ಎಲ್ಲಾರೂ. ಬಾಗೇವಾಡಿಯ ಬಡಿಗ ನನ್ನ ಮಾತು ಮುಗಿದ ಮೇಲೆ "ಇನ್ನೊಮ್ಮೆ ಚಾಲೂ ಮಾಡ್ರಿ" ಅಂದಿದ್ದ. ಮುದ್ದೇಬಿಹಾಳದವನು ನಾನು ತೋರಿಸಿದ ಮಷೀನು ಬಿಟ್ಟು, ಅಳಿಯನ ಹಟ ಅಂತ ಹೇಳಿ ಇನ್ನೊಂದನ್ನು ಒಯ್ದಿದ್ದ. ಇಂಡಿಯವನು ಆಮೇಲೆ ಮತ್ತೊಮ್ಮೆ ಒಬ್ಬನೇ ಅಂಗಡಿಗೆ ಬಂದಿದ್ದನಂತೆ. ಇವರೆಲ್ಲ ನನ್ನ ಗತ್ತಿಗೆ ಚಹಾ ಕುಡಿಸಿ, ತಮ್ಮ ಕಿವಿಯಿಂದ ಕೇಳಿ, ತಮಗೆ ಬೇಕಾದದ್ದನ್ನು ಒಯ್ದಿದ್ದರು. ನಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದು ಅವರಿಗೆ ಗೊತ್ತಿತ್ತು, ಗೊತ್ತಿರುವುದನ್ನು ಅವರು ನನ್ನಿಂದ ಮುಚ್ಚಿಡುತ್ತಿದ್ದರು. ಬಸ್ಸು ದೇವರ ಹಿಪ್ಪರಗಿ ಮುಟ್ಟುವವರೆಗೂ ನಾನು ತಲೆ ಎತ್ತಲಿಲ್ಲ.

ಅವನ ಅಂಗಡಿಯಲ್ಲಿ ಗೊಳಸಂಗಿಯ ಸಾಗವಾನಿ ಹಲಗೆಯೊಂದನ್ನು ಬಿಗಿದು, ಮಷೀನು ನನ್ನ ಕೈಗೆ ಕೊಟ್ಟ. "ಕೊಡಿಸಿದವರ ಕೈಲೇ ಚಾಲೂ ಆಗಬೇಕ್ರಿ." ಬೇಡವೆಂದೆ, ಕೇಳಲಿಲ್ಲ. ಹಲಗೆಯ ಉದ್ದಕ್ಕೂ ಒಂದು ಸಲ ಎಳೆದೆ. ಸಿಪ್ಪೆ ತೆಳ್ಳಗೆ ಹಾರಿತು. ನಿಲ್ಲಿಸಿ, ಅವನನ್ನು ಕೇಳಿದೆ:

"ಆವಾಜ್ ಹೆಂಗೈತಿ?"

ಇನ್ನೊಮ್ಮೆ ಓಡಿಸಲು ಸನ್ನೆ ಮಾಡಿದ. ಓಡಿಸಿದೆ. ಅವನು ಕಣ್ಣು ಮುಚ್ಚಿ ತಲೆ ಒಂದಿಷ್ಟು ವಾಲಿಸಿದ. ಅಣಕವಲ್ಲ, ನನ್ನಿಂದ ಕಲಿತದ್ದೇ ಹಾಗೆ. ನಾನು ನಿಲ್ಲುವ ರೀತಿಯನ್ನು ನಾನು ಯಾವತ್ತೂ ಹೊರಗಿನಿಂದ ನೋಡಿರಲಿಲ್ಲ. ಮಷೀನು ನಿಂತ ಮೇಲೆ ಎಡಗಿವಿಯ ಹತ್ತಿರ ಬಾಗಿ, "ಸಣ್ಣ ಎಳಿ ಇಲ್ರಿ ಅಣ್ಣಾರ. ಚಲೋದ ಕೊಡಿಸೀರಿ" ಅಂದ.

ಮಷೀನು ಕೆಳಗಿಟ್ಟು, ಅವನ ಹೆಗಲ ಮೇಲಿದ್ದ ಟಾವೆಲ್ ತೆಗೆದು ಎರಡೂ ಕಿವಿ ಮುಚ್ಚುವಂತೆ ತಲೆಯ ಸುತ್ತ ಬಿಗಿದು ಕಟ್ಟಿದೆ. ತುದಿ ಜೋತು ಮಷೀನಿಗೆ ಸಿಗಬಾರದೆಂದು ಒಳಗೆ ಸಿಕ್ಕಿಸಿದೆ. ಪೇಟೆಯ ಕಿವಿಮುಚ್ಚಳ ತರುವವರೆಗೆ ಇದಿರಲಿ ಅಂದೆ. ಅವನು ಮಷೀನು ಎತ್ತಿಕೊಂಡು ನನ್ನ ಕಡೆ ನೋಡಿದ.

"ವಿಮಾನ ಹಾರಸ್ಲೇನ್ರಿ?"

"ಹಾರಸು" ಅಂದೆ.